ಸಿನಿಮಾ ಮಾದರಿಯ ತಾಳವಾದ್ಯ ಕಟ್ಟುವುದು ಹೇಗೆ? ಚೆಂಡೆ ಕೇಳಿ ಬೆಳೆದವರಿಗೊಂದು ಮಾರ್ಗದರ್ಶಿ

ನಮ್ಮ ಕಾಸರಗೋಡಿನ ಕಡೆ ಈಗ ಬ್ರಹ್ಮಕಲಶೋತ್ಸವಕ್ಕೂ ಒಂದು ಪ್ರೋಮೋ ಬೇಕು, ಶಾಲೆಯ ಶತಮಾನೋತ್ಸವಕ್ಕೂ ಬೇಕು, ಹತ್ತು ಸಮಸ್ತರು ಸೇರಿ ಆಡಿಸುವ ಬಯಲಾಟಕ್ಕೂ ಬೇಕು. ಡ್ರೋನ್ ಅಡಿಕೆ ತೋಟದ ಮೇಲಿಂದ ಏಳುತ್ತದೆ, ಗದ್ದೆ ದಾಟುತ್ತದೆ, ದೇವಸ್ಥಾನದ ತಾಮ್ರದ ಮಾಡಿನತ್ತ ಸಾಗುತ್ತದೆ. ಹಿನ್ನೆಲೆಯಲ್ಲಿ ಮೊದಲ ಸೆಕೆಂಡಿನಿಂದಲೇ ಭಾರೀ ಡ್ರಮ್ಮುಗಳ ಧಡಂ ಧಡಂ. ಹತ್ತನೆಯ ಸೆಕೆಂಡಿಗೆ ಕಿವಿ ದಣಿಯುತ್ತದೆ. ನಲವತ್ತನೆಯ ಸೆಕೆಂಡಿನಲ್ಲಿ ಮಾಡಿನ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸುವಾಗ ಸಂಗೀತದ ಕೈಯಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ.

ಇದು ಒಳ್ಳೆಯ ಸ್ಯಾಂಪಲ್ (ಮೊದಲೇ ಮುದ್ರಿಸಿಟ್ಟ ವಾದ್ಯದ ಸದ್ದು) ಇಲ್ಲದ ಕೊರತೆಯಲ್ಲ. ಉಚಿತವಾಗಿ ಸಿಗುವ ಸ್ಯಾಂಪಲ್‌ಗಳಲ್ಲೇ ಗುಡುಗಿನಂತಹ ಸದ್ದುಗಳಿವೆ. ಕೊರತೆ ಇರುವುದು ಜೋಡಣೆಯಲ್ಲಿ. ತಮಾಷೆಯೆಂದರೆ ಈ ಜೋಡಣೆಯನ್ನು ಕಲಿಯಲು ಕಾಸರಗೋಡಿನವರು ಬಹಳ ದೂರ ಹೋಗಬೇಕಿಲ್ಲ. ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೂ ಉತ್ಸವದ ಚೆಂಡೆಮೇಳವನ್ನೂ ಕೇಳಿ ಬೆಳೆದವರಿಗೆ ಏರಿಕೆ ಎಂದರೇನು ಎಂಬುದು ಆಗಲೇ ಗೊತ್ತಿದೆ. ಅದನ್ನು ಕಂಪ್ಯೂಟರಿನ ಗ್ರಿಡ್ಡಿನೊಳಗೆ (ಕಾಲವನ್ನು ಸಮಭಾಗ ಮಾಡಿದ ಗೆರೆಗಳೊಳಗೆ) ಇಳಿಸುವ ಕೆಲಸವಷ್ಟೇ ಬಾಕಿ.

ಮೊದಲು ಕೇಳುವ ಕೆಲಸ

ತಂತ್ರಾಂಶ ತೆರೆಯುವ ಮೊದಲು ಎರಡು ಸಂಗತಿಗಳನ್ನು ಗಮನವಿಟ್ಟು ಕೇಳಿ.

ಒಂದು, ಬಣ್ಣದ ವೇಷದ ತೆರೆ ಒಡ್ಡೋಲಗ, ಎಂದರೆ ಯಕ್ಷಗಾನದಲ್ಲಿ ರಾಕ್ಷಸ ಪಾತ್ರ ತೆರೆಯ ಹಿಂದಿನಿಂದ ರಂಗಕ್ಕೆ ಬರುವ ಸಂದರ್ಭ. ವೇಷ ತೆರೆಯ ಹಿಂದಿದೆ. ಕಿರೀಟದ ತುದಿ ಒಮ್ಮೆ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಚೆಂಡೆ ಅಬ್ಬರಿಸುತ್ತದೆ, ನಿಲ್ಲುತ್ತದೆ, ಮತ್ತೆ ಮೊದಲಾಗುತ್ತದೆ. ತೆರೆ ಸರಿದು ರಾಳದ ಬೆಂಕಿ ಭುಗಿಲೆನ್ನುವ ಕ್ಷಣದವರೆಗೆ ಚೆಂಡೆಯವರು ಪೂರ್ತಿ ಬಲವನ್ನು ಬಿಟ್ಟುಕೊಡುವುದಿಲ್ಲ. ಎಲ್ಲಿ ಬಾರಿಸಿದರು ಎಂಬುದಕ್ಕಿಂತ ಎಲ್ಲಿ ಕೈ ಬಿಟ್ಟರು ಎಂಬುದನ್ನು ಗುರುತಿಸಿಕೊಳ್ಳಿ.

ಇನ್ನೊಂದು, ಪಂಚಾರಿ ಮೇಳ ಎಂಬ ಉತ್ಸವದ ಚೆಂಡೆಮೇಳ. ಇದು ಐದು ಕಾಲಗಳಲ್ಲಿ (ವೇಗದ ಹಂತಗಳಲ್ಲಿ) ಸಾಗುತ್ತದೆ. ಮೊದಲ ಕಾಲದ ಆವರ್ತಕ್ಕೆ 96 ಅಕ್ಷರ (ತಾಳದ ಎಣಿಕೆ), ಎರಡನೆಯದಕ್ಕೆ 48, ಆಮೇಲೆ 24, 12, ಕೊನೆಗೆ 6. ಆವರ್ತ ಅರ್ಧರ್ಧ ಕುಗ್ಗುತ್ತ ಬರುತ್ತದೆ, ಲಯ ಬಿಗಿಯುತ್ತ ಹೋಗುತ್ತದೆ. ಮೇಳದ ಕೊನೆಯಲ್ಲಿ ಜನ ಕೈ ಮೇಲೆತ್ತಿ ಬೀಸುವುದು ಚೆಂಡೆಗಳ ಸಂಖ್ಯೆ ಹೆಚ್ಚಿತೆಂದಲ್ಲ. ಮುಂದಿನ ಮುಖ್ಯ ಪೆಟ್ಟಿಗಾಗಿ ಕಾಯುವ ಹೊತ್ತು ಕಡಿಮೆಯಾಗುತ್ತ ಬಂದಿರುತ್ತದೆ. ಸಿನಿಮಾ ಟ್ರೇಲರ್‌ಗಳ ತಾಳವಾದ್ಯದ ಗುಟ್ಟೂ ಬಹುಪಾಲು ಇದೇ. ಈ ಲೇಖನದ ಉಳಿದ ಮಾತೆಲ್ಲ ಇದರ ಸುತ್ತಲೇ ಇದೆ.

ಸಾಮಗ್ರಿ

ಈ ವಿಷಯಕ್ಕೆ ಜನ ವ್ಯಯಿಸುವಷ್ಟು ಸಮಯ ಅಗತ್ಯವಿಲ್ಲ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, ಒಂದು ಒಳ್ಳೆಯ ಹೆಡ್‌ಫೋನ್ ಸಾಕು. ಸಂಗೀತ ಜೋಡಿಸುವ ತಂತ್ರಾಂಶಗಳಲ್ಲಿ ಎಲ್‌ಎಂಎಂಎಸ್ ಪೂರ್ತಿ ಉಚಿತ. ರೀಪರನ್ನು 60 ದಿನ ಹಣ ಕೊಡದೆ ಪರೀಕ್ಷಿಸಬಹುದು, ಆಮೇಲೆ ಪರವಾನಗಿ ಕೊಳ್ಳಬೇಕು. ಎಫ್‌ಎಲ್ ಸ್ಟುಡಿಯೋ ಗೊತ್ತಿದ್ದರೆ ಅದರಲ್ಲೇ ಮಾಡಿ. ಸ್ಯಾಂಪಲ್ ನುಡಿಸಲು ಡಿಸೆಂಟ್ ಸ್ಯಾಂಪ್ಲರ್ ಎಂಬ ಉಚಿತ ಪ್ಲಗಿನ್ (ತಂತ್ರಾಂಶದೊಳಗೆ ಸೇರಿಸುವ ಉಪಕರಣ) ಇದೆ. ಪಿಯಾನೋಬುಕ್ ತಾಣದಲ್ಲಿ ಅದಕ್ಕೆ ಹೊಂದುವ ವಾದ್ಯಗಳು ಸಿಗುತ್ತವೆ. ವಿಎಸ್‌ಸಿಒ 2 ಎಂಬ ವಾದ್ಯವೃಂದದ ಸಂಗ್ರಹದ ಸಮುದಾಯ ಆವೃತ್ತಿ ಹಕ್ಕುಸ್ವಾಮ್ಯದ ಕಟ್ಟುಪಾಡಿಲ್ಲದೆ ದೊರೆಯುತ್ತದೆ. ಅದರಲ್ಲಿ ತಾಳವಾದ್ಯಗಳೂ ಇವೆ.

ಮಿಡಿ ಪ್ಯಾಡ್ (ಬೆರಳಿನಿಂದ ಬಡಿದು ತಂತ್ರಾಂಶದ ಸದ್ದು ನುಡಿಸುವ ಸಾಧನ) ಇದ್ದರೆ ಬಹಳ ಒಳ್ಳೆಯದು. ಮೌಸಿನಿಂದ ಬರೆದ ತಾಳಕ್ಕೂ ಬೆರಳಿನಿಂದ ನುಡಿಸಿದ ತಾಳಕ್ಕೂ ವ್ಯತ್ಯಾಸ ತಕ್ಷಣ ಕೇಳುತ್ತದೆ. ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಹೊರಬಿಡುವ ಸದ್ದಿನ ತುಣುಕು; ಇಲ್ಲಿ ಸ್ಯಾಂಪಲ್ ಎಂದರೆ ಸದ್ದಿನ ಒಂದು ಅಳತೆಯ ಬಿಂದು) 128 ಸ್ಯಾಂಪಲ್‌ಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 2.7 ಮಿಲಿಸೆಕೆಂಡ್ ತಡ, ಬೆರಳಿಗೆ ತಿಳಿಯದು. ಮಿಶ್ರಣದ ಹಂತಕ್ಕೆ ಬಂದಾಗ 1024ಕ್ಕೆ ಏರಿಸಿದರೆ ಕಂಪ್ಯೂಟರಿಗೆ ಉಸಿರಾಡಲು ಜಾಗ ಸಿಗುತ್ತದೆ. ‘ಸಿನಿಮಾ ಲೂಪ್’ ಎಂದು ಮಾರುವ ಸಿದ್ಧ ಆವರ್ತಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಅವುಗಳಲ್ಲಿ ಎಲ್ಲ ಪದರಗಳೂ ಮೊದಲೇ ಬೆರೆತಿರುತ್ತವೆ, ಏರಿಸಲು ನಿಮಗೇನೂ ಉಳಿದಿರುವುದಿಲ್ಲ.

ಮೂರು ಸಾಲು

ಚೆಂಡೆಮೇಳದಲ್ಲಿ ಯಾರು ಎಲ್ಲಿ ನಿಂತಿರುತ್ತಾರೆ ಎಂದು ನೆನಪಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ ಉರುಟ್ಟು ಚೆಂಡೆಯವರು. ಅಲಂಕಾರ, ಉರುಳಿಕೆ (ಬಿಡದೆ ಒಂದರ ಹಿಂದೊಂದು ಬರುವ ಪೆಟ್ಟುಗಳ ಸರಣಿ), ವಿಸ್ತಾರವೆಲ್ಲ ಅವರದು. ಅವರ ಹಿಂದೆ ವೀಕ್ಕನ್ ಚೆಂಡೆಯವರು, ದಪ್ಪ ಚರ್ಮದ ಬಲದ ಮುಖದಲ್ಲಿ ತಾಳ ಹಿಡಿಯುವವರು. ಅದರ ಜೊತೆಗೆ ಇಲತ್ತಾಳದ ಲೋಹದ ಸದ್ದು. ಮೂರಕ್ಕೂ ಬೇರೆ ಬೇರೆ ಕೆಲಸವಿದೆ, ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ.

ತಂತ್ರಾಂಶದಲ್ಲೂ ಮೂರು ಗುಂಪು ತೆರೆಯಿರಿ.

ತಗ್ಗಿನ ಗುಂಪಿನಲ್ಲಿ ದೊಡ್ಡ ಟೈಕೋ (ಜಪಾನಿನ ಡ್ರಮ್), ವಾದ್ಯವೃಂದದ ಬಾಸ್ ಡ್ರಮ್, ಸುರ್ದೋ (ಬ್ರೆಜಿಲಿನ ದೊಡ್ಡ ಡ್ರಮ್) ಇರಲಿ. ಇವು 40ರಿಂದ 120 ಹರ್ಟ್ಸ್ ನಡುವೆ ಮೈ ಚಾಚುತ್ತವೆ, ಒಂದೊಂದು ಪೆಟ್ಟೂ ಬಹಳ ಹೊತ್ತು ಮೊಳಗುತ್ತದೆ. ಹಾಗಾಗಿ ಇವಕ್ಕೆ ಕೆಲಸ ಕಡಿಮೆ ಕೊಡಬೇಕು. 140 ಬಿಪಿಎಂ (ನಿಮಿಷಕ್ಕೆ ಬಡಿತಗಳ ಸಂಖ್ಯೆ) ವೇಗದಲ್ಲಿ ಹದಿನಾರನೆಯ ಸ್ವರವೊಂದಕ್ಕೆ, ಎಂದರೆ ಬಡಿತದ ಕಾಲು ಭಾಗಕ್ಕೆ, ಸಿಗುವುದು ಸುಮಾರು 107 ಮಿಲಿಸೆಕೆಂಡ್. ಅಷ್ಟರೊಳಗೆ ದೊಡ್ಡ ಡ್ರಮ್ಮಿನ ಚರ್ಮ ಸುಮ್ಮನಾಗುವುದಿಲ್ಲ. ಅದರಲ್ಲಿ ಓಟದ ಆವರ್ತ ಬರೆದರೆ ಕೇಳುವುದು ತಾಳವಲ್ಲ, ಒಂದೇ ಸಮನೆಯ ಗುಂಯ್ ಎಂಬ ಸದ್ದು.

ನಡುವಿನ ಗುಂಪಿನಲ್ಲಿ ಟಾಮ್, ಬೆಂದೀರ್ (ಉತ್ತರ ಆಫ್ರಿಕಾದ ತಮಟೆಯಂಥ ವಾದ್ಯ), ಸಣ್ಣ ಟೈಕೋ, ಮತ್ತು ನಿಮ್ಮದೇ ಚೆಂಡೆ. ಕತೆ ಹೇಳುವ ಸಾಲು ಇದು. ಎಂಟನೆಯ ಸ್ವರಗಳ (ಅರ್ಧ ಬಡಿತದ) ನಡೆ ಇಲ್ಲಿ ಬರಲಿ.

ಮೇಲಿನ ಗುಂಪಿನಲ್ಲಿ ಶಿಮೆ ಟೈಕೋ (ಬಿಗಿದು ಕಟ್ಟಿದ, ತಾರಕ ಸದ್ದಿನ ಟೈಕೋ), ಕೋಲಿನ ಟಕಟಕ, ಡ್ರಮ್ಮಿನ ಅಂಚಿನ ಪೆಟ್ಟು, ಚಕ್ರತಾಳ, ಲೋಹದ ಬಡಿತ. ಹದಿನಾರನೆಯ ಸ್ವರಗಳ ಓಟ ಇವುಗಳ ಪಾಲು. ಸದ್ದು ಚಿಕ್ಕದಿರಲಿ. ಇದು ಕೇಳುಗನಿಗೆ ಕೇಳಿಸುವುದಕ್ಕಿಂತ ಅವನ ಕಾಲನ್ನು ಅಲುಗಿಸುವುದಕ್ಕಾಗಿ ಇರುವ ಸಾಲು.

ಒಂದು ಎಚ್ಚರಿಕೆ. ಪದರ ಸೇರಿಸುವುದೆಂದರೆ ಅದೇ ಸ್ಯಾಂಪಲನ್ನು ಮೂರು ಟ್ರ್ಯಾಕಿಗೆ ನಕಲು ಮಾಡುವುದಲ್ಲ. ಹಾಗೆ ಮಾಡಿದರೆ ಸದ್ದು ಏರುತ್ತದೆ, ಗಾತ್ರ ಏರುವುದಿಲ್ಲ. ಮೂವರು ಬಾರಿಸಿದಂತೆ ಕೇಳಬೇಕಾದರೆ ಮೂರು ಬೇರೆ ಸ್ಯಾಂಪಲ್ ಬೇಕು, ಅವು ಹತ್ತಿಪ್ಪತ್ತು ಮಿಲಿಸೆಕೆಂಡಿನ ಒಳಗೆ ಹಿಂದೆ ಮುಂದೆ ಬೀಳಬೇಕು.

ದೃಶ್ಯಕ್ಕೆ ವೇಗ ಹೊಂದಿಸುವುದು

ಸುಮ್ಮನೆ 120 ಎಂದು ಇಟ್ಟು ಶುರು ಮಾಡಬೇಡಿ. ಮೊದಲು ವಿಡಿಯೋ ನೋಡಿ, ಪೆಟ್ಟು ಬೀಳಲೇಬೇಕಾದ ಒಂದೇ ಒಂದು ಕ್ಷಣವನ್ನು ಆರಿಸಿ. ಒಂದೇ ಒಂದು. ಸಂಘಟಕರು ಆರು ಜಾಗ ತೋರಿಸುತ್ತಾರೆ. ಆರನ್ನೂ ಒಪ್ಪಿಕೊಂಡರೆ ಯಾವುದೂ ಎದ್ದು ಕಾಣುವುದಿಲ್ಲ.

ಆ ಕ್ಷಣ 41ನೆಯ ಸೆಕೆಂಡಿನಲ್ಲಿದೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 80 ಬಡಿತ, ಎಂದರೆ ನಾಲ್ಕರ ತಾಳದ 20 ಬಾರ್ (ತಾಳದ ಒಂದು ಸುತ್ತು ಒಂದು ಬಾರ್) ಮುಗಿದು 21ನೆಯದರ ಮೊದಲ ಪೆಟ್ಟು ಬೀಳಬೇಕು. 41ನ್ನು 80ರಿಂದ ಭಾಗಿಸಿದರೆ 0.5125 ಸೆಕೆಂಡ್. 60ನ್ನು ಅದರಿಂದ ಭಾಗಿಸಿದರೆ 117.07. ತಂತ್ರಾಂಶದಲ್ಲಿ ವೇಗವನ್ನು ದಶಮಾಂಶ ಸಹಿತ ಹಾಗೆಯೇ ಬರೆಯಿರಿ. ವಿಡಿಯೋ ಸೆಕೆಂಡಿಗೆ 25 ಚೌಕಟ್ಟಿನದಾದರೆ ಒಂದು ಚೌಕಟ್ಟಿನ ಅವಧಿ 40 ಮಿಲಿಸೆಕೆಂಡ್. ಪೆಟ್ಟು ಆ ಮಿತಿಯೊಳಗೆ ಬಿದ್ದರೆ ಕಣ್ಣು ತಕರಾರು ಮಾಡುವುದಿಲ್ಲ. ತಡವಾದದ್ದನ್ನು ಕಣ್ಣು ಸಹಿಸುತ್ತದೆ, ದೃಶ್ಯಕ್ಕಿಂತ ಮೊದಲೇ ಬಂದ ಸದ್ದನ್ನು ಸಹಿಸುವುದು ಕಷ್ಟ. ಮಿಂಚಿನ ಆಮೇಲೆ ಗುಡುಗು ಕೇಳಿ ಅಭ್ಯಾಸವಾದ ಕಣ್ಣು ನಮ್ಮದು.

ಅರುವತ್ತು ಸೆಕೆಂಡಿನ ಅಸ್ಥಿಪಂಜರ

ಕಲಿಕೆಗಾಗಿ ಸುಲಭದ ಲೆಕ್ಕ ಇಟ್ಟುಕೊಳ್ಳೋಣ. 120 ಬಿಪಿಎಂ, ನಾಲ್ಕರ ತಾಳ, ಒಂದು ಬಾರ್‌ಗೆ 2 ಸೆಕೆಂಡ್, ಒಟ್ಟು 30 ಬಾರ್. ಈಗ ಪಂಚಾರಿಯ ಅರ್ಧರ್ಧದ ಲೆಕ್ಕವನ್ನು ತಗ್ಗಿನ ಡ್ರಮ್ಮಿಗೆ ಮಾತ್ರ ಅನ್ವಯಿಸಿ.

ಮೊದಲ 8 ಬಾರ್‌ಗಳಲ್ಲಿ, ಎಂದರೆ 16 ಸೆಕೆಂಡಿನವರೆಗೆ, ನಾಲ್ಕು ಬಾರ್‌ಗೆ ಒಂದೇ ಪೆಟ್ಟು. ಒಟ್ಟು ಎರಡೇ ಪೆಟ್ಟು! ಇಲ್ಲಿ ಕೈ ತುರಿಸುತ್ತದೆ, ಏನಾದರೂ ಸೇರಿಸೋಣ ಅನಿಸುತ್ತದೆ. ಸೇರಿಸಬೇಡಿ. ತಂಬೂರಿಯದೋ ತಂತಿವಾದ್ಯದ್ದೋ ಒಂದು ನೀಳ ಸ್ವರ ಹಿಂದೆ ಇದ್ದರೆ ಸಾಕು.

ಮುಂದಿನ 8 ಬಾರ್‌ಗಳಲ್ಲಿ ಎರಡು ಬಾರ್‌ಗೊಂದು ಪೆಟ್ಟು. ನಡುವಿನ ಸಾಲು ಮೆಲ್ಲಗೆ ಒಳಗೆ ಬರಲಿ. ಆಮೇಲಿನ 8ರಲ್ಲಿ ಬಾರ್‌ಗೊಂದು ಪೆಟ್ಟು, ಮೇಲಿನ ಸಾಲಿನ ಓಟ ಶುರು. ನಂತರದ 4ರಲ್ಲಿ ಅರ್ಧ ಬಾರ್‌ಗೊಂದು ಪೆಟ್ಟು, ಮೂರು ಸಾಲೂ ಪೂರ್ತಿ. ಅಲ್ಲಿಗೆ 28 ಬಾರ್, 56 ಸೆಕೆಂಡ್. 29ನೆಯ ಬಾರ್ ಖಾಲಿ. 30ನೆಯದರ ಮೊದಲ ಅಕ್ಷರಕ್ಕೆ ಎಲ್ಲವೂ ಸೇರಿದ ಒಂದೇ ಪೆಟ್ಟು, ಉಳಿದದ್ದು ಅದರ ಮೊಳಗು.

ಆ 29ನೆಯ ಖಾಲಿ ಬಾರ್ ಬಗ್ಗೆ ಎರಡು ಮಾತು. ಸ್ವರಗಳನ್ನು ಅಳಿಸಿದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ, ಹಿಂದಿನ ಬಡಿತಗಳ ರಿವರ್ಬ್ (ಕಂಪ್ಯೂಟರ್ ಕೊಡುವ ಪ್ರತಿಧ್ವನಿ) ಅಲ್ಲಿಗೆ ಸುರಿಯುತ್ತಿರುತ್ತದೆ. ರಿವರ್ಬ್ ಟ್ರ್ಯಾಕಿನ ಧ್ವನಿಮಟ್ಟವನ್ನು ಆಟೊಮೇಶನ್ ಗೆರೆಯಿಂದ (ಮಟ್ಟ ತಾನಾಗಿ ಬದಲಾಗುವಂತೆ ಎಳೆಯುವ ಗೆರೆ) ಆ ಜಾಗದಲ್ಲಿ ಬೇಗನೆ ಇಳಿಸಿ, ಪೆಟ್ಟಿಗೆ ಸ್ವಲ್ಪ ಮೊದಲು ಮತ್ತೆ ಮೇಲೆತ್ತಿ. ಪೂರ್ತಿ ಶೂನ್ಯ ಮಾಡಿದರೆ ಮೊಬೈಲಿನಲ್ಲಿ ನೋಡುವವರು ವಿಡಿಯೋ ನಿಂತಿತೆಂದು ತಿಳಿಯುತ್ತಾರೆ. ಹಿಂದಿನಿಂದ ಮುಂದಕ್ಕೆ ನುಡಿಯುವಂತೆ ತಿರುಗಿಸಿದ ಒಂದು ತಾಳದ ಸದ್ದು ಅಥವಾ ಗೆಜ್ಜೆಯ ಸಣ್ಣ ಅಲುಗು ಅಲ್ಲಿರಲಿ. ಕೆಲವರು ಈ ಜಾಗಕ್ಕೆ ಶಂಖನಾದ ತುಂಬುತ್ತಾರೆ. ನನಗೆ ಅದು ಸೇರುವುದಿಲ್ಲ. ತೆರವಾದ ಜಾಗಕ್ಕೆ ಇನ್ನೊಂದು ಘೋಷಣೆ ಏಕೆ?

ಇದೇ ಅಸ್ಥಿಪಂಜರವನ್ನು ಬೇರೆ ಬೇರೆ ವೇಗದಲ್ಲಿ ಕಟ್ಟಿ ನೋಡಿ. ಡ್ರಮ್ಮುಗಳ ಧ್ವನಿಮಟ್ಟದ ಗುಂಡಿಯನ್ನು ಕೊನೆಯವರೆಗೂ ಮುಟ್ಟದೆ ಏರಿಕೆ ಬಂದರೆ ಜೋಡಣೆ ಸರಿ ಇದೆ ಎಂದರ್ಥ.

ವೆಲಾಸಿಟಿ: ಕೈ ಎಂಬುದು ಇರುವುದು ಇಲ್ಲಿ

ಮಿಡಿ ಎಂಬ ಭಾಷೆ 1983ರಿಂದ ಬಳಕೆಯಲ್ಲಿದೆ. ಅದು ಪ್ರತಿ ಪೆಟ್ಟಿನ ಬಲವನ್ನು, ಎಂದರೆ ವೆಲಾಸಿಟಿಯನ್ನು, 1ರಿಂದ 127ರವರೆಗಿನ ಅಂಕಿಯಲ್ಲಿ ಬರೆದಿಡುತ್ತದೆ. ಹೊಸಬರ ಫೈಲ್ ತೆರೆದರೆ ಸಾಮಾನ್ಯವಾಗಿ ಎಲ್ಲ ಪೆಟ್ಟೂ 127 ಅಥವಾ ಎಲ್ಲವೂ 100. ಒಳ್ಳೆಯ ಸ್ಯಾಂಪಲ್‌ಗಳಲ್ಲಿ ಮೆಲ್ಲನೆಯ ಪೆಟ್ಟು, ನಡುವಿನದು, ಜೋರಿನದು ಎಂದು ಬೇರೆ ಬೇರೆ ಧ್ವನಿಮುದ್ರಣಗಳಿರುತ್ತವೆ. ಎಲ್ಲವನ್ನೂ 127ಕ್ಕೆ ಇಟ್ಟರೆ ನಿಮ್ಮ ಬಳಿ ಇರುವುದರಲ್ಲಿ ಹೆಚ್ಚಿನದನ್ನು ನೀವು ಬಳಸುತ್ತಲೇ ಇಲ್ಲ.

ಮೇಲಿನ ಸಾಲಿಗೆ ಹದಿನಾರು ಸ್ವರಗಳ ಒಂದು ಬಾರ್ ಬರೆಯೋಣ. ಅದನ್ನು 3, 3, 4, 2, 4 ಎಂದು ಒಡೆಯಿರಿ, ಒಟ್ಟು 16. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಒತ್ತು, ಉಳಿದವು ಮೆಲ್ಲಗೆ. ವೆಲಾಸಿಟಿ ಹೀಗಿರಲಿ:

112, 46, 54 / 104, 44, 58 / 108, 50, 45, 60 / 98, 52 / 115, 48, 56, 62

ಒತ್ತಿನ ಪೆಟ್ಟುಗಳೂ ಒಂದಕ್ಕೊಂದು ಸಮ ಇಲ್ಲ ಎಂಬುದನ್ನು ಗಮನಿಸಿ. ಮೆಲ್ಲನೆಯವು ಒತ್ತಿನ ಅರ್ಧಕ್ಕಿಂತ ಬಹಳ ಮೇಲೆ ಹೋಗಿಲ್ಲ. ಈ ಅಂತರವೇ ನಡೆ. ಅಂತರ ಕಡಿಮೆ ಮಾಡಿದಷ್ಟೂ ಅದು ಹೊಲಿಗೆ ಯಂತ್ರದ ಸದ್ದಿಗೆ ಹತ್ತಿರವಾಗುತ್ತದೆ. ತುಂಡಿನ ಕೊನೆಯ ಅಕ್ಷರ ತುಸು ಏರಿದ್ದು ಯಾಕೆಂದರೆ ಮುಂದಿನ ಒತ್ತಿಗೆ ಕೈ ಆಗಲೇ ಮೇಲೇಳುತ್ತಿರುತ್ತದೆ. ಚೆಂಡೆಯವರ ಮಣಿಕಟ್ಟನ್ನು ನೋಡಿದರೆ ಇದು ತಿಳಿಯುತ್ತದೆ.

ಬಲಗೈ ಎಡಗೈ ವಿಚಾರವನ್ನೂ ಮರೆಯಬೇಡಿ. ಒಂದು ಬಿಟ್ಟು ಒಂದು ಪೆಟ್ಟಿಗೆ ಐದರಿಂದ ಎಂಟು ಅಂಕಿ ಕಡಿಮೆ ಇಟ್ಟರೆ ಎರಡು ಕೈಗಳಿರುವ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಒಬ್ಬನೇ ಎರಡು ಕೈಯಲ್ಲಿ ಬಾರಿಸಲಾಗದ್ದನ್ನು ಒಂದೇ ಟ್ರ್ಯಾಕಿನಲ್ಲಿ ಬರೆಯಬೇಡಿ. ಒಂದೇ ಕ್ಷಣಕ್ಕೆ ಮೂರು ಪೆಟ್ಟು ಬೇಕಾದರೆ ಇನ್ನೊಬ್ಬ ವಾದಕನನ್ನು, ಎಂದರೆ ಇನ್ನೊಂದು ಟ್ರ್ಯಾಕನ್ನು, ಕರೆಯಿರಿ.

ಕಾಲದ ವಿಷಯಕ್ಕೆ ಬಂದರೆ, ಪ್ಯಾಡಿನಲ್ಲಿ ನುಡಿಸಿದ್ದನ್ನು ಗ್ರಿಡ್ಡಿಗೆ ನೂರಕ್ಕೆ ನೂರು ಎಳೆಯಬೇಡಿ, ನೂರಕ್ಕೆ ಎಂಬತ್ತೈದು ಸಾಕು. ಮೌಸಿನಲ್ಲಿ ಬರೆದಿದ್ದರೆ ಮೇಲಿನ ಸಾಲಿಗೆ ಐದು ಮಿಲಿಸೆಕೆಂಡ್, ನಡುವಿನದಕ್ಕೆ ಎಂಟು ಹತ್ತು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ. ತಗ್ಗಿನ ದೊಡ್ಡ ಡ್ರಮ್ಮಿನದು ಬೇರೆಯೇ ಕತೆ. ಅದರ ಸದ್ದು ನಿಧಾನಕ್ಕೆ ಉಬ್ಬುವುದರಿಂದ ಗ್ರಿಡ್ಡಿನ ಮೇಲೆಯೇ ಇಟ್ಟರೂ ತಡವಾದಂತೆ ಕೇಳುತ್ತದೆ. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ, ಉಬ್ಬು ಗ್ರಿಡ್ಡಿನ ಗೆರೆಗೆ ಬರುವಷ್ಟು ಇಡೀ ಟ್ರ್ಯಾಕನ್ನು ಮುಂಚಿತಗೊಳಿಸಿ.

ಉರುಳಿಕೆ ಬರೆಯುವಾಗ ವೆಲಾಸಿಟಿಯನ್ನು 30ರಿಂದ 115ಕ್ಕೆ ನೇರ ಗೆರೆಯಲ್ಲಿ ಏರಿಸುವವರೇ ಹೆಚ್ಚು. ಎರಡು ಬಾರ್‌ಗಳ ಉರುಳಿಕೆಯಾದರೆ ಮೊದಲ ಒಂದೂವರೆ ಬಾರ್‌ನಲ್ಲಿ 70 ದಾಟದಿರಲಿ, ಉಳಿದ ಅರ್ಧದಲ್ಲಿ ಮೇಲಕ್ಕೆ ನುಗ್ಗಲಿ. ನಡುವೆ ಒಂದೆರಡು ಪೆಟ್ಟು ತಗ್ಗಿದರೆ ಇನ್ನೂ ಚಂದ.

ಏಳರ ನಡೆ

ನಾಲ್ಕರ ತಾಳದಲ್ಲಿ ಕೈ ಕುದುರಿದ ಮೇಲೆ ಏಳು ಅಕ್ಷರದ ತ್ರಿವುಡೆ ತಾಳಕ್ಕೆ ಬನ್ನಿ. ಬೆನ್ನಟ್ಟುವ ದೃಶ್ಯಗಳಿಗೆ ಪಾಶ್ಚಾತ್ಯ ಸಂಗೀತ ನಿರ್ದೇಶಕರು ಐದರ, ಏಳರ ತಾಳಗಳನ್ನು ಬಳಸುವುದು ಕೇಳುಗನ ಕಾಲಿಗೆ ನೆಲೆ ಸಿಗದಿರಲಿ ಎಂದು. ನಮಗೆ ಅವು ಪರಕೀಯವಲ್ಲ. ಭಾಗವತರ ಜಾಗಟೆಯಲ್ಲಿ ರಾತ್ರಿಯಿಡೀ ಕೇಳಿದ್ದೇವೆ.

ತಂತ್ರಾಂಶದಲ್ಲಿ ತಾಳವನ್ನು 7/8 ಎಂದು ಬದಲಿಸಿ. 3, 2, 2 ಎಂದು ಒಡೆಯಿರಿ. ತಗ್ಗಿನ ಡ್ರಮ್ 1ನೆಯ ಅಕ್ಷರದಲ್ಲಿ ಮಾತ್ರ. ನಡುವಿನ ಸಾಲು 1, 4, 6ರಲ್ಲಿ. ಮೇಲಿನ ಸಾಲು ಏಳರಲ್ಲೂ, ಆದರೆ ಒತ್ತು 1, 4, 6ಕ್ಕೆ. 130 ಬಿಪಿಎಂನಲ್ಲಿ ಈ ಆವರ್ತ ಸುಮಾರು 1.6 ಸೆಕೆಂಡಿಗೆ ಮುಗಿದು ಮತ್ತೆ ಬರುತ್ತದೆ. ನಾಲ್ಕು ಆವರ್ತ ಇದು ನಡೆದ ಮೇಲೆ ಒಂದು ಆವರ್ತಕ್ಕೆ ಮಾತ್ರ ಒಡೆತವನ್ನು 2, 2, 3 ಎಂದು ತಿರುಗಿಸಿ. ತಾಳದ ಉದ್ದ ಅದೇ, ಒತ್ತಿನ ಜಾಗ ಬೇರೆ. ಮುಕ್ತಾಯದ ಹತ್ತಿರ ಇದನ್ನು ಬಳಸಿದರೆ ದೃಶ್ಯ ಮುಗ್ಗರಿಸಿ ಎದ್ದಂತಾಗುತ್ತದೆ. ಐದರ ನಡೆಗೆ ಝಂಪೆ ಇದೆ, ಆರಕ್ಕೆ ರೂಪಕ ಇದೆ. ಅವನ್ನು ನೀವೇ ಒಡೆದು ನೋಡಿ.

ಊರಿನ ಚೆಂಡೆಯನ್ನು ಸ್ಯಾಂಪಲ್ ಮಾಡುವುದು

ಟೈಕೋ ಸ್ಯಾಂಪಲ್ ಜಗತ್ತಿನ ಎಲ್ಲರ ಬಳಿಯೂ ಇದೆ. ನಿಮ್ಮ ಪಕ್ಕದ ಮನೆಯವರ ಚೆಂಡೆ ನಿಮಗೆ ಮಾತ್ರ ಸಿಗುತ್ತದೆ. ಪ್ರೋಮೋಗೆ ಒಂದು ಗುರುತು ಬರುವುದು ಅದರಿಂದ.

ಕಾಲ ನೋಡಿ ಹೊರಡಿ. ಪತ್ತನಾಜೆ (ಮೇ ತಿಂಗಳ ಕೊನೆಯ ಸುಮಾರಿಗೆ ಬರುವ ದಿನ) ಕಳೆದ ಮೇಲೆ ಮೇಳಗಳ ತಿರುಗಾಟ ನಿಂತು ಕಲಾವಿದರಿಗೆ ಬಿಡುವು ಸಿಗುತ್ತದೆ ನಿಜ. ಆದರೆ ಅಷ್ಟರಲ್ಲಿ ಮಳೆ ಬಾಗಿಲಲ್ಲಿರುತ್ತದೆ. ತೇವಕ್ಕೆ ಚರ್ಮ ಸಡಿಲಗೊಳ್ಳುತ್ತದೆ, ಶೀಟು ಹೊದೆಸಿದ ಮನೆಯಾದರೆ ಮಳೆಯ ಸದ್ದೇ ಮುದ್ರಣವಾಗುತ್ತದೆ, ಅದು ನಿಂತರೆ ಕಪ್ಪೆಗಳು. ಫೆಬ್ರವರಿ, ಮಾರ್ಚ್ ಒಳ್ಳೆಯದು. ರಾತ್ರಿಯಾಟ ಮುಗಿಸಿ ಬಂದವರು ಮಧ್ಯಾಹ್ನದವರೆಗೆ ನಿದ್ದೆಯಲ್ಲಿರುತ್ತಾರೆ, ಮೂರು ಗಂಟೆಯ ಮೇಲೆ ಹೋಗಿ. ಸಂಭಾವನೆ ಕೊಡಿ, ವಿಡಿಯೋದಲ್ಲಿ ಹೆಸರು ಹಾಕಿ, ಸ್ಯಾಂಪಲನ್ನು ಯಾವುದಕ್ಕೆಲ್ಲ ಬಳಸುತ್ತೀರಿ ಎಂದು ಮೊದಲೇ ಹೇಳಿ. ಕೋಲದ ಅಥವಾ ತೆಯ್ಯಂನ ವಾದ್ಯ ಬೇಕೆಂದಾದರೆ ಸ್ಥಾನದವರ ಒಪ್ಪಿಗೆ ಇಲ್ಲದೆ ಮುದ್ರಿಸಬೇಡಿ. ದೈವದ ಕಟ್ಟಿನ ನುಡಿತವನ್ನು ಕತ್ತರಿಸಿ ಅಂಗಡಿ ಉದ್ಘಾಟನೆಯ ರೀಲ್‌ಗೆ ಅಂಟಿಸುವುದು ನನ್ನ ಲೆಕ್ಕದಲ್ಲಿ ಸರಿಯಲ್ಲ.

ಕೋಣೆ ಚಿಕ್ಕದಿರಲಿ, ಗೋಡೆಗೆ ಹಾಸಿಗೆ ಆನಿಸಿ, ಫ್ಯಾನ್ ನಿಲ್ಲಿಸಿ. ಪ್ರತಿಧ್ವನಿ ಇಲ್ಲದ ಒಣ ಸದ್ದು ಬೇಕು. ಸಭಾಂಗಣವನ್ನು ಆಮೇಲೆ ಕಂಪ್ಯೂಟರ್ ಕೊಡುತ್ತದೆ. ಮೈಕನ್ನು ಚೆಂಡೆಯಿಂದ ಒಂದು ಮೀಟರ್ ದೂರದಲ್ಲಿ, ಚರ್ಮಕ್ಕೆ ತೀರಾ ಎದುರಾಗಿ ಅಲ್ಲದೆ ಓರೆಯಾಗಿ ನಿಲ್ಲಿಸಿ. ಚೆಂಡೆಯ ಸದ್ದು ಮೈಕನ್ನು ಹೆದರಿಸುವಷ್ಟು ತೀಕ್ಷ್ಣ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ದಾಟದಂತೆ ಮಟ್ಟ ಇಳಿಸಿ, 24 ಬಿಟ್‌ನಲ್ಲಿ ಮುದ್ರಿಸಿ.

ಬಾರಿಸುವವರಿಗೆ ಕೇಳಿಕೊಳ್ಳಬೇಕಾದ್ದು ಆವರ್ತವಲ್ಲ, ಬಿಡಿ ಪೆಟ್ಟುಗಳು. ಇದು ಅವರಿಗೆ ಬೇಸರದ ಕೆಲಸ, ಮೊದಲೇ ವಿವರಿಸಿ. ನಾಲ್ಕು ಮಟ್ಟದ ಬಲ, ಪ್ರತಿ ಮಟ್ಟಕ್ಕೆ ನಾಲ್ಕು ಪೆಟ್ಟು, ಒಟ್ಟು ಹದಿನಾರು. ಇದನ್ನು ಬಲಗೈಗೆ, ಎಡಗೈಗೆ, ಅಂಚಿಗೆ ಬೇರೆ ಬೇರೆಯಾಗಿ ಮಾಡಿಸಿ. ಪ್ರತಿ ಪೆಟ್ಟು ಪೂರ್ತಿ ಅಡಗುವವರೆಗೆ ಯಾರೂ ಮಾತನಾಡಬಾರದು. ಒಂದೇ ಮಟ್ಟಕ್ಕೆ ನಾಲ್ಕು ಪೆಟ್ಟು ಯಾಕೆಂದರೆ ಸ್ಯಾಂಪ್ಲರ್ ಅವನ್ನು ಸರದಿಯಂತೆ ನುಡಿಸುತ್ತದೆ. ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಕಿವಿ ಕೂಡಲೇ ಹಿಡಿದುಬಿಡುತ್ತದೆ. ಈ ಬಿಡಿ ಪೆಟ್ಟುಗಳು ಮುಗಿದ ಮೇಲೆ ಐದು ನಿಮಿಷ ಅವರಿಗೆ ಇಷ್ಟವಾದದ್ದನ್ನು ಬಾರಿಸಲು ಬಿಡಿ, ಮುದ್ರಿಸುತ್ತಲೇ ಇರಿ. ಆ ಐದು ನಿಮಿಷದಲ್ಲಿ ಸಿಗುವ ಒತ್ತುಗಳ ಲೆಕ್ಕ ನಿಮ್ಮ ಮೌಸಿಗೆ ಪಾಠ.

ಮನೆಗೆ ಬಂದು ಪೆಟ್ಟುಗಳನ್ನು ಕತ್ತರಿಸಿ ಸ್ಯಾಂಪ್ಲರಿಗೆ ತುಂಬಿ. ಒಂದು ಪ್ರತಿಯನ್ನು 12 ಅರ್ಧಸ್ವರ ಕೆಳಗಿಳಿಸಿ ನೋಡಿ. ಕಂಪನ ಅರ್ಧವಾಗುತ್ತದೆ, ಟೇಪನ್ನು ನಿಧಾನಗೊಳಿಸಿದ ಹಾಗೆ ಇಳಿಸಿದರೆ ಉದ್ದ ಎರಡು ಪಟ್ಟಾಗುತ್ತದೆ, ಹಲಸಿನ ಮರದ ಚೆಂಡೆ ಆನೆಯ ಗಾತ್ರದ್ದಾಗುತ್ತದೆ. ಅದರ ಕೆಳಗೆ ಟೈಕೋ, ಮೇಲೆ ಮೂಲ ಚೆಂಡೆಯ ಚುರುಕು ಪೆಟ್ಟು. ಮೂರೂ ಸೇರಿದರೆ ದೊಡ್ಡದೂ ಆಯಿತು, ನಮ್ಮದೂ ಆಯಿತು. ಮದ್ದಳೆಯನ್ನು ಹೀಗೆ ಇಳಿಸುವಾಗ ಮಾತ್ರ ಜಾಗ್ರತೆ. ಅದು ಶ್ರುತಿಗೆ ಸೇರಿಸಿದ ವಾದ್ಯ, ಇಳಿಸಿದ ಮೇಲೆ ನಿಮ್ಮ ಹಾಡಿನ ಶ್ರುತಿಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ.

ಮಿಶ್ರಣ

ನಿಮ್ಮ ಪ್ರೋಮೋ ಎರಡು ಕಡೆ ಕೇಳಲ್ಪಡುತ್ತದೆ: ಅಂಗೈಯಷ್ಟಗಲದ ಮೊಬೈಲಿನಲ್ಲಿ, ಮತ್ತು ದೇವಸ್ಥಾನದ ಗದ್ದೆಯಲ್ಲಿ ನಿಲ್ಲಿಸಿದ ಎಲ್‌ಇಡಿ ಪರದೆಯ ಪಕ್ಕದ ಆಳೆತ್ತರದ ಸ್ಪೀಕರುಗಳಲ್ಲಿ. ಇವೆರಡರ ಬೇಡಿಕೆ ತದ್ವಿರುದ್ಧ.

ಮೊಬೈಲ್ ಸ್ಪೀಕರಿನಿಂದ 200 ಹರ್ಟ್ಸ್‌ಗಿಂತ ಕೆಳಗಿನದು ಬರುವುದೇ ಕಡಿಮೆ. 50 ಹರ್ಟ್ಸ್‌ನ ನಿಮ್ಮ ಪ್ರೀತಿಯ ಗುಡುಗು ಅಲ್ಲಿ ಇಲ್ಲವೇ ಇಲ್ಲ. ತಗ್ಗಿನ ಗುಂಪಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒರಟಾಗಿಸುವ ಪರಿಣಾಮ) ಸೇರಿಸಿ. ಅದು 100, 150, 200, 250 ಹರ್ಟ್ಸ್‌ನ ಮೇಲಿನ ಸ್ವರಾಂಶಗಳನ್ನು ಹುಟ್ಟಿಸುತ್ತದೆ, ಅವನ್ನು ಕೇಳಿದ ಮಿದುಳು ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಗದ್ದೆಯ ಸಬ್‌ವೂಫರಿನಲ್ಲಿ ಇದಕ್ಕೆ ವಿರುದ್ಧ, ತಗ್ಗಿನ ಮೊಳಗು ವಿಪರೀತ ಚಾಚಿಕೊಳ್ಳುತ್ತದೆ. ಆದ್ದರಿಂದ 30 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ, ಪೆಟ್ಟಿನ ಬಾಲವನ್ನು ಮುಂದಿನ ಪೆಟ್ಟಿಗಿಂತ ಮೊದಲೇ ಇಳಿಸಿ.

ಈಕ್ಯೂನಲ್ಲಿ (ಸದ್ದಿನ ತಗ್ಗು, ನಡು, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಉಪಕರಣ) 200ರಿಂದ 400 ಹರ್ಟ್ಸ್ ನಡುವೆ ಎಲ್ಲ ಡ್ರಮ್ಮುಗಳೂ ರಾಶಿ ಬೀಳುತ್ತವೆ. ನಡುವಿನ ಗುಂಪಿಗೆ ಆ ಜಾಗ ಬಿಟ್ಟುಕೊಟ್ಟು ಉಳಿದ ಎರಡರಿಂದ ಎರಡು ಮೂರು ಡೆಸಿಬಲ್ ತೆಗೆಯಿರಿ. ಕೋಲು ಚರ್ಮಕ್ಕೆ ತಾಗುವ ಸದ್ದು 2ರಿಂದ 5 ಕಿಲೋಹರ್ಟ್ಸ್‌ನಲ್ಲಿದೆ, ಪೆಟ್ಟು ಮಸುಕೆನಿಸಿದರೆ ಅಲ್ಲಿ ತುಸು ಏರಿಸಿ. ತಗ್ಗಿನದು ನಟ್ಟ ನಡುವೆ ಇರಲಿ, ನಡುವಿನ ಸಾಲು ಎಡಬಲಕ್ಕೆ ಸ್ವಲ್ಪ, ಮೇಲಿನದು ಅಗಲಕ್ಕೆ.

ರಿವರ್ಬನ್ನು ಪ್ರತಿ ಟ್ರ್ಯಾಕಿಗೂ ಹಾಕುವ ಬದಲು ಬೇರೆ ಟ್ರ್ಯಾಕಿನಲ್ಲಿಟ್ಟು ಎಲ್ಲರನ್ನೂ ಅಲ್ಲಿಗೆ ಕಳುಹಿಸಿ. ಎರಡೂವರೆ ಸೆಕೆಂಡಿನ ಒಂದು ಸಭಾಂಗಣ, ಮುಕ್ಕಾಲು ಸೆಕೆಂಡಿನ ಒಂದು ಕೋಣೆ ಸಾಕು. ರಿವರ್ಬಿಗೆ ಹೋಗುವ ಸದ್ದಿನಿಂದ 150 ಹರ್ಟ್ಸ್‌ನ ಕೆಳಗಿನದನ್ನು ತೆಗೆಯಿರಿ, ಪೆಟ್ಟಿಗೂ ಪ್ರತಿಧ್ವನಿಗೂ ನಡುವೆ 20ರಿಂದ 40 ಮಿಲಿಸೆಕೆಂಡ್ ಅಂತರ ಕೊಡಿ. ಪೆಟ್ಟು ಹತ್ತಿರ, ಸಭಾಂಗಣ ದೂರ ಎಂಬ ಭಾವ ಬರುವುದು ಈ ಅಂತರದಿಂದ. ಕಂಪ್ರೆಸರಿನ (ಜೋರಿನ ಸದ್ದನ್ನು ತಗ್ಗಿಸುವ ಉಪಕರಣ) ಅಟ್ಯಾಕ್, ಎಂದರೆ ಅದು ಕೆಲಸಕ್ಕಿಳಿಯಲು ತೆಗೆದುಕೊಳ್ಳುವ ಸಮಯ, 20ರಿಂದ 30 ಮಿಲಿಸೆಕೆಂಡ್ ಇರಲಿ. ಅದಕ್ಕಿಂತ ಚುರುಕಾದರೆ ಪೆಟ್ಟಿನ ಮೂತಿಯನ್ನೇ ಅದು ತಿಂದುಹಾಕುತ್ತದೆ. ಎಲ್ಲ ಮುಗಿದ ಮೇಲೆ ಒಮ್ಮೆ ಮೋನೋದಲ್ಲಿ (ಎಡಬಲ ಒಂದಾಗಿಸಿ) ಕೇಳಿ. ಗದ್ದೆಯಲ್ಲಿ ಎಡ ಬಲ ಎಂಬುದು ಇರುವುದೇ ಇಲ್ಲ.

ಮಾತು ಮತ್ತು ಹಸ್ತಾಂತರ

ಸಂಗೀತ ಮುಗಿಯಿತು ಎನ್ನುವಾಗ ಗಂಭೀರ ಕಂಠದ ನಿರೂಪಣೆ ಬಂದು ಸೇರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ: ಮಾತು ಎಷ್ಟನೆಯ ಸೆಕೆಂಡಿನಿಂದ ಎಷ್ಟರವರೆಗೆ? ಆ ಭಾಗದಲ್ಲಿ ಮೇಲಿನ ಸಾಲನ್ನು ಬರೆಯದಿರುವುದೇ ಉತ್ತಮ ಉಪಾಯ. ಮಾತಿನ ಅಕ್ಷರಗಳು ಸ್ಪಷ್ಟವಾಗುವ 1ರಿಂದ 4 ಕಿಲೋಹರ್ಟ್ಸ್ ಪ್ರದೇಶದಲ್ಲೇ ಕೋಲಿನ ಟಕಟಕವೂ ಇರುವುದು. ಬರೆದೇ ಆಗಿದ್ದರೆ ಸೈಡ್‌ಚೈನ್ ಕಂಪ್ರೆಸರಿನಿಂದ ಮಾತು ಬಂದಾಗ ನಡುವಿನ ಮತ್ತು ಮೇಲಿನ ಗುಂಪುಗಳನ್ನು ಮೂರು ನಾಲ್ಕು ಡೆಸಿಬಲ್ ಇಳಿಸಿ. ತಗ್ಗಿನದನ್ನು ಮುಟ್ಟಬೇಡಿ. ದಾನಿಗಳ ಹೆಸರುಗಳ ಪಟ್ಟಿ ಓದುವ ಭಾಗವಿದ್ದರೆ ಅಲ್ಲಿ ತಾಳವಾದ್ಯ ಪೂರ್ತಿ ನಿಲ್ಲಲಿ. ಒಂದು ಹೆಸರು ಸರಿಯಾಗಿ ಕೇಳದಿದ್ದರೂ ಸಮಿತಿಯವರ ಫೋನ್ ನಿಮಗೇ ಬರುತ್ತದೆ.

ಕಡತವನ್ನು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಆಗಿ ಹೊರತೆಗೆಯಿರಿ, ವಿಡಿಯೋದವರಿಗೆ ಬೇಕಾಗುವುದು ಅದು. ಅಂತರ್ಜಾಲಕ್ಕಾದರೆ ಸರಾಸರಿ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಆಸುಪಾಸು, ಶಿಖರ ಮೈನಸ್ 1 ಡೆಸಿಬಲ್ ದಾಟದಂತೆ. ಅದಕ್ಕಿಂತ ಜೋರು ಮಾಡಿ ಕೊಟ್ಟರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ನೀವು ಲಿಮಿಟರಿನಲ್ಲಿ (ಶಿಖರಕ್ಕೆ ಮಿತಿ ಹಾಕುವ ಉಪಕರಣ) ಹಿಸುಕಿದ್ದು ಮಾತ್ರ ಹಾಗೆಯೇ ಉಳಿಯುತ್ತದೆ. ಪೂರ್ಣ ಮಿಶ್ರಣದ ಜೊತೆಗೆ ತಗ್ಗು, ನಡು, ಮೇಲು ಎಂಬ ಮೂರು ಗುಂಪುಗಳನ್ನೂ ಬೇರೆ ಬೇರೆ ಕಡತಗಳಾಗಿ, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ ಕೊಡಿ. ಕೊನೆಯ ಪೆಟ್ಟಿನ ಬಾಲಕ್ಕೆ ಮೂರು ನಾಲ್ಕು ಸೆಕೆಂಡ್ ಹೆಚ್ಚಿಗೆ ಬಿಡಿ. ಉತ್ಸವದ ದಿನಾಂಕ ತೋರಿಸುವ ಚಿತ್ರವನ್ನು ಸಂಪಾದಕರು ಕಡೆಗಳಿಗೆಯಲ್ಲಿ ಉದ್ದ ಮಾಡುವುದು ಖಂಡಿತ.